ಬಾಲಮ್ಮ ಕೊಡದ ನೀರು

ಯಾದಗಿರಿಯ ಬಿಸಿಲಲ್ಲಿ ನಿಂತುಕೊಂಡು ನರಕದ ಬೆಂಕಿಯನ್ನು ವರ್ಣಿಸುವುದು ಸುಲಭದ ಕೆಲಸವಲ್ಲ. ಕೇಳುವವರು ಹೆದರುವುದೇ ಇಲ್ಲ. ಸೆರಗಿನಿಂದ ಕುತ್ತಿಗೆಯ ಬೆವರು ಒರೆಸಿಕೊಳ್ಳುತ್ತ, "ಇದಕ್ಕಿಂತ ಹೆಚ್ಚಿಗಿ ಇರ್ತದೇನ್ರೀ ಬಾಯಾರ?" ಎಂದು ಕೇಳುತ್ತಾರೆ. ದೇವಕಮ್ಮ ಹದಿನೆಂಟು ವರ್ಷಗಳಿಂದ ಈ ಪ್ರಶ್ನೆಗೆ ಉತ್ತರ ಕೊಡುತ್ತ ಬಂದಿದ್ದಳು. "ಈ ಬಿಸಲಿಗೆ ಸಂಜಿ ಅಂಬೋದು ಐತಿ, ಅದಕ್ಕ ಇಲ್ಲ," ಎನ್ನುತ್ತಿದ್ದಳು. 

ದೇವಕಮ್ಮ ಮಿಷನ್ನಿನ ಬೈಬಲ್ ಬಾಯಿ. ಬಿಳಿ ಸೀರೆ, ಕರಿ ಕೊಡೆ, ಹೆಗಲಿಗೊಂದು ಬಟ್ಟೆಯ ಚೀಲ. ಊರೂರು ತಿರುಗಿ, ಕೇರಿಯ ಹೆಂಗಸರನ್ನು ಬೇವಿನ ನೆರಳಿಗೆ ಕೂಡಿಸಿ, ಎರಡು ಹಾಡು ಹೇಳಿ, ಚೀಲದಿಂದ ಸುರುಳಿ ಚಿತ್ರ ತೆಗೆದು ಬಿಚ್ಚಿ ತೋರಿಸಿ, ಏಸುವಿನ ಮಾತು ಹೇಳುವುದು ಆಕೆಯ ನೌಕರಿ. ಗಂಡ ರೈಲು ಹಳಿಯ ಕೂಲಿಯಾಗಿದ್ದವನು, ಮದುವೆಯಾದ ಆರನೆಯ ವರ್ಷಕ್ಕೆ ಸತ್ತ. ಮಕ್ಕಳಿರಲಿಲ್ಲ. ಇಪ್ಪತ್ತೆರಡರ ವಯಸ್ಸಿಗೆ ಮಿಷನ್ ಬಂಗಲೆಯಲ್ಲಿ ಕಸ ಹೊಡೆಯಲು ಸೇರಿದಳು. ಅಲ್ಲಿ ಒಂದನೆಯ ಇಯತ್ತೆಯ ಮಕ್ಕಳ ಹಿಂದೆ ಕೂತು ಅಕ್ಷರ ಕಲಿತಳು. ಅಕ್ಷರ ಬಂದ ಮೇಲೆ ಪೊರಕೆ ಬಿಟ್ಟು ಚೀಲ ಹಿಡಿದಳು. ಪಾದ್ರಿ ಮರಿಲಿಂಗಪ್ಪನವರು ಆಕೆಯ ತಲೆಗೆ ನೀರು ಹಾಕಿ ದೀಕ್ಷಾಸ್ನಾನ ಕೊಟ್ಟರು. ಹೆಸರು ಬದಲಿಸುತ್ತೀಯಾ ಎಂದಾಗ, "ದೇವಕಿ ಅಂತ ಕರದ್ರ ಓ ಅಂತೀನ್ರಿ, ಬ್ಯಾರೆ ಹೆಸರಿಗೆ ನನ್ನ ಕಿವಿ ತಿರುಗಂಗಿಲ್ಲ," ಎಂದಿದ್ದಳಂತೆ. ಪಾದ್ರಿಯವರೂ ತಮ್ಮ ತಂದೆ ಇಟ್ಟ ಮರಿಲಿಂಗಪ್ಪ ಎಂಬ ಹೆಸರಿನಲ್ಲೇ ಇದ್ದವರು. ಒತ್ತಾಯ ಮಾಡಲಿಲ್ಲ.

ಆಕೆಯ ಸುರುಳಿಯಲ್ಲಿ ಹದಿನಾಲ್ಕು ಚಿತ್ರಗಳಿದ್ದವು. ಹೆಚ್ಚು ಬಳಕೆಯಾಗಿ ಅಂಚು ಹರಿದಿದ್ದು ಒಂದೇ, ಕೊನೆಯ ನ್ಯಾಯತೀರ್ಪಿನ ಚಿತ್ರ. ನಡುವೆ ಸಿಂಹಾಸನದ ಮೇಲೆ ಸ್ವಾಮಿ, ಬಲಗಡೆ ಕುರಿಗಳು, ಎಡಗಡೆ ಆಡುಗಳು, ಆಡುಗಳ ಹಿಂದೆ ಕೆಂಪು ಬೆಂಕಿ. ಕುರಿಗಳು ಸ್ವರ್ಗಕ್ಕೆ, ಆಡುಗಳು ನರಕಕ್ಕೆ. ಈ ಚಿತ್ರ ಬರೆದ ಪುಣ್ಯಾತ್ಮ ಯಾವ ದೇಶದವನೋ, ಸುರಪುರದ ಸೀಮೆಯನ್ನಂತೂ ನೋಡಿದವನಲ್ಲ. ರಂಗಂಪೇಟೆಯಲ್ಲಿ ಒಮ್ಮೆ ಕುರಿ ಕಾಯುವ ಮುದುಕನೊಬ್ಬ ಹಿಂದೆ ನಿಂತು ಇದನ್ನು ನೋಡಿ ಸಿಟ್ಟಿಗೆದ್ದುಬಿಟ್ಟಿದ್ದ. "ಆಡು ಏನು ತಪ್ಪು ಮಾಡ್ಯಾವ ಬಾಯಾರ? ಬರ ಬಿದ್ದಾಗ ಕುರಿ ತಲಿ ತಗ್ಗಿಸಿ ಸಾಯ್ತಾವ. ಆಡು ಮುಳ್ಳು ತಿಂದಾದ್ರೂ ನಮ್ಮನ್ನ ಬದಕಸ್ತಾವ. ನಿಮ್ಮ ದೇವರು ಹಟ್ಟಿ ಕಟ್ಟಿದಾಂವ ಅಲ್ಲ ಬಿಡ್ರಿ," ಎಂದು ಕಂಬಳಿ ಕೊಡವಿಕೊಂಡು ಹೋಗಿದ್ದ. ಅಂದಿನಿಂದ ದೇವಕಮ್ಮ ಕುರುಬರಿರುವ ಊರಲ್ಲಿ ಆಡುಗಳ ಮೇಲೆ ಅಂಗೈ ಇಟ್ಟೇ ಚಿತ್ರ ತೋರಿಸುತ್ತಿದ್ದಳು.

ನರಕಕ್ಕೆ ಯಾರು ಹೋಗುತ್ತಾರೆ ಎಂದು ಕೇಳಿದವರಿಗೆ ಆಕೆಯ ಬಳಿ ಎರಡು ಉತ್ತರಗಳಿದ್ದವು. ಹಸಿದವರಿಗೆ ಅನ್ನ, ನೀರಡಿಸಿದವರಿಗೆ ನೀರು ಕೊಡದವರು ಹೋಗುತ್ತಾರೆ ಎಂಬುದು ಒಂದು, ಅದು ಚಿತ್ರದ ಉತ್ತರ. ಏಸುವಿನ ಮಾತು ಕಿವಿಯಾರೆ ಕೇಳಿಯೂ ನಂಬದವರು ಹೋಗುತ್ತಾರೆ ಎಂಬುದು ಇನ್ನೊಂದು, ಅದು ಪಾದ್ರಿಯವರ ಉತ್ತರ. ದೇವಕಮ್ಮ ಎರಡನ್ನೂ ಒಂದೇ ಉಸಿರಿನಲ್ಲಿ ಹೇಳಿ ಮುಗಿಸುತ್ತಿದ್ದಳು. ಎರಡರ ನಡುವೆ ಏನಾದರೂ ವ್ಯತ್ಯಾಸ ಇದ್ದೀತೆಂದು ಆಕೆಗೆ ಅನ್ನಿಸಿರಲಿಲ್ಲ.

ಯಾದಗಿರಿ ಸ್ಟೇಷನ್ನಿನ ಜಟಕಾದ ಮೈನುದ್ದೀನನಿಗೆ ಮಾತ್ರ ಇದೆಲ್ಲ ತಮಾಷೆ. "ನಿಮಗ ನರಕ, ನಮಗ ಜಹನ್ನಮ್. ಎರಡಕ್ಕೂ ಬಾಡಿಗಿ ಒಂದೇ ಇರ್ಬೇಕು ಬಾಯಿ. ಹೋಗಾಕ ಮಂದಿ ಕಡಿಮಿ ಇಲ್ಲ, ಬರೋವಾಗ ಖಾಲಿ ಬರಬೇಕಲ್ಲ, ಅದ ತ್ರಾಸು," ಎನ್ನುತ್ತಿದ್ದ. ದೇವಕಮ್ಮ ಕೊಡೆಯಿಂದ ಅವನ ಭುಜಕ್ಕೆ ಮೆಲ್ಲಗೆ ಬಡಿದು ನಗುತ್ತಿದ್ದಳು. ಪರರ ನರಕದ ವಿಷಯದಲ್ಲಿ ನಗುವುದು ಸುಲಭ. ತನ್ನ ಮನೆಯ ಬಾಗಿಲಿಗೆ ಬಂದಾಗ ಆಕೆಯ ನಗೆ ನಿಂತಿತು.

ಅದು ಪೊಲೀಸ್ ಆ್ಯಕ್ಷನ್ ಆಗಿ ನಾಲ್ಕನೆಯ ವರ್ಷ. ನಿಜಾಮರ ಬಾವುಟ ಇಳಿದು ತಹಸೀಲ ಕಚೇರಿಯ ಮೇಲೆ ತ್ರಿವರ್ಣ ಏರಿತ್ತು. ಉರ್ದು ಬರೆದ ತಗಡುಗಳ ಪಕ್ಕದಲ್ಲಿ ಕನ್ನಡದ ತಗಡುಗಳು ಬಂದಿದ್ದವು. ಜನ ಮೊಟ್ಟಮೊದಲ ಬಾರಿ ವೋಟು ಹಾಕಿ, ಬೆರಳಿನ ಮಸಿಯನ್ನು ಒಬ್ಬರಿಗೊಬ್ಬರು ತೋರಿಸಿಕೊಂಡು ಮುಗಿಸಿದ್ದರು. ಹೋಳಿ ಹುಣ್ಣಿಮೆಯ ಹೊತ್ತಿಗೆ ದೇವಕಮ್ಮ ಶಹಾಪುರದ ಕಡೆಯ ತಿರುಗಾಟ ಮುಗಿಸಿ ಬಂದಾಗ, ತಮ್ಮ ಮಹಾದೇವಪ್ಪ ಬಂಗಲೆಯ ಗೇಟಿನ ಹತ್ತಿರ ಕಾಯುತ್ತ ಕೂತಿದ್ದ. "ಯವ್ವ ಏಳವಲ್ಲಳಕ್ಕ. ಗಂಜಿನೂ ಒಲ್ಲೆ ಅಂತಾಳ," ಎಂದ.

ತವರೂರು ಮುದನಾಳ ದಾಟಿ ಎರಡು ಹರದಾರಿ. ದಾರಿಯುದ್ದಕ್ಕೂ ದೇವಕಮ್ಮನ ತಲೆಯಲ್ಲಿ ಪಾದ್ರಿಯವರ ಹಳೆಯ ಮಾತೊಂದು ಕೊರೆಯುತ್ತಿತ್ತು. ಹಿಂದೊಮ್ಮೆ ಆಕೆ, ಏಸುವಿನ ಹೆಸರನ್ನೇ ಕೇಳದೆ ಸತ್ತ ತನ್ನ ತಂದೆಯ ಗತಿಯೇನು ಎಂದು ಕೇಳಿದ್ದಳು. ಪಾದ್ರಿಯವರು ಒಳ್ಳೆಯ ಮನುಷ್ಯರು, ಬಹಳ ಯೋಚಿಸಿ ಹೇಳಿದ್ದರು: "ಕೇಳದನ ಸತ್ತವರ ವಿಚಾರ ದೇವರಿಗೆ ಬಿಡು ದೇವಕಮ್ಮ. ಆತ ಕರುಣಾಳು. ಆದರ ಕೇಳಿಸಿಕೊಂಡು ಬ್ಯಾಡ ಅಂದವರ ವಿಚಾರ ನಮ್ಮ ಕೈಯಾಗ ಇಲ್ಲ." ಅಂದು ತಂದೆಯ ಮಟ್ಟಿಗೆ ಅದು ಸಮಾಧಾನವಾಗಿತ್ತು. ಈಗ ಅದೇ ಮಾತು ತಾಯಿಯ ಮಟ್ಟಿಗೆ ಕತ್ತಿಯಾಗಿತ್ತು. ಅವ್ವ ಬಾಲಮ್ಮ ಕೇಳದೆ ಉಳಿದವಳಲ್ಲ. ಮಗಳು ತವರಿಗೆ ಬಂದಾಗಲೆಲ್ಲ ಚಿತ್ರ ಬಿಚ್ಚುವಾಗ ಮುಂದಿನ ಸಾಲಿನಲ್ಲಿ ಕೂತು ಕೇಳಿದವಳು. ಹದಿನೆಂಟು ವರ್ಷ ಕೇಳಿ ಹದಿನೆಂಟು ವರ್ಷವೂ, "ಮುಂದ ನೋಡೋಣ," ಎಂದವಳು. ತಾನು ಬಾಯಿ ಮುಚ್ಚಿಕೊಂಡಿದ್ದರೆ ಅವ್ವ ದೇವರ ಕರುಣೆಯ ಪಾಲಿಗಿರುತ್ತಿದ್ದಳು. ಹೇಳಿ ಹೇಳಿ ತಾನೇ ಅವಳನ್ನು ಬೆಂಕಿಯ ಅಂಚಿಗೆ ತಂದು ನಿಲ್ಲಿಸಿದೆ ಎಂದು ದೇವಕಮ್ಮನಿಗೆ ಅನ್ನಿಸಿತು. ಅವ್ವ ಸಾಯುವ ಮುಂಚೆ ಅವಳ ತಲೆಗೆ ನೀರು ಹಾಕಿಸಲೇಬೇಕು, ಬೇರೆ ಯಾವುದೂ ಆಕೆಗೆ ಬೇಡವಾಗಿತ್ತು.

ಬಾಲಮ್ಮ ಗೋಡೆಯ ಕಡೆ ಮುಖ ಮಾಡಿ ಮಲಗಿದ್ದಳು. ಎಪ್ಪತ್ತರ ಆಸುಪಾಸು. ಕೈಕಾಲು ಒಣಗಿದ ತೊಗರಿ ಕಡ್ಡಿಯಾಗಿದ್ದವು, ಮಾತು ಮಾತ್ರ ಮೊದಲಿನ ಹಾಗೇ ಇತ್ತು. ಜೀವಮಾನವೆಲ್ಲ ಗೌಡರ ಮನೆಯ ಅಂಗಳ ಗುಡಿಸಿ, ಕಣದಲ್ಲಿ ದುಡಿದು, ಎತ್ತರದಿಂದ ಸುರಿದ ನೀರಿಗೆ ಬೊಗಸೆಯೊಡ್ಡಿ ಕುಡಿದವಳು. ಊರಿನವರ ಬಾವಿಯನ್ನು ಕೇರಿಯವರು ಮುಟ್ಟುವಂತಿರಲಿಲ್ಲ. ಕೇರಿಯವರು ಮುಟ್ಟಿದ ನೀರನ್ನು ಊರಿನವರು ಕುಡಿಯುವಂತಿರಲಿಲ್ಲ. ಬಾವುಟ ಬದಲಾದರೂ ಬಾವಿಯ ಕಟ್ಟೆ ಇದ್ದಲ್ಲೇ ಇತ್ತು.

ದೇವಕಮ್ಮ ಸುತ್ತು ಬಳಸದೆ ವಿಷಯಕ್ಕೆ ಬಂದಳು. "ಯವ್ವಾ, ಪಾದ್ರಿ ಅಯ್ಯನೋರನ್ನ ಕರಸ್ತೀನಿ. ಈಗರ ನೀರು ತಗೋ. ನಿನ್ನ ಪಾಪ ಎಲ್ಲಾ ತೊಳದು ಹೋಗ್ತಾವ."

"ತೊಳದು ಹೋದ್ರ ನಾ ಎಲ್ಲಿಗೆ ಹೋಗ್ತೀನಿ?"

"ಬಲಗಡಿಗೆ."

"ನಾನು ಎಡಗಡಿಗೆ ಹೋಗಬೇಕಾದಾಕಿ ದೇವಕಿ. ನೀನ ಹೇಳಿದ್ದಿಯಲ್ಲ, ನೀರಡಿಸಿದವರಿಗೆ ನೀರು ಕೊಡದವರು ಎಡಗಡಿಗೆ ಅಂತ."

ದೇವಕಮ್ಮನಿಗೆ ನಗು ಬಂತು. ಜಗತ್ತಿನಲ್ಲಿ ಯಾರ ಮೇಲೆ ಬೇಕಾದರೂ ಈ ಆಪಾದನೆ ಹೊರಿಸಬಹುದು, ಕುಡಿಯುವ ನೀರಿಗೇ ಇನ್ನೊಬ್ಬರ ಮುಖ ನೋಡುತ್ತ ಬದುಕಿದ ತನ್ನ ತಾಯಿಯ ಮೇಲೆ ಹೊರಿಸುವುದೆಂದರೇನು? "ನೀ ಯಾರಿಗೆ ನೀರು ಕೊಡಲಿಲ್ಲ ಯವ್ವಾ? ನಮ್ಮ ಕೈಯಾನ ನೀರು ಕೇಳೋರರ ಯಾರಿದ್ರು?"

"ಗೌಡರ ಮಗ ಅಯ್ಯಪ್ಪ ಕೇಳಿದ್ದ," ಎಂದಳು ಬಾಲಮ್ಮ.

ಗೌಡರ ಅಯ್ಯಪ್ಪನ ಸಾವು ದೇವಕಮ್ಮನಿಗೆ ಗೊತ್ತಿತ್ತು. ಊರಿಗೇ ಗೊತ್ತಿತ್ತು. ನಿಜಾಮರ ವಿರುದ್ಧ ಹೋರಾಡುವವರನ್ನು ಸೇರಲು ಆತ ಗಡಿಯಾಚೆಯ ಶಿಬಿರಕ್ಕೆ ಹೋಗಿದ್ದ. ಪೊಲೀಸ್ ಆ್ಯಕ್ಷನ್ನಿನ ಮುಂಚಿನ ಬೇಸಿಗೆಯಲ್ಲಿ ಅಲ್ಲಿ ವಾಂತಿಬೇನೆ ಬಿದ್ದು, ಒಬ್ಬನೇ ನಡೆದುಕೊಂಡು ಮನೆಗೆ ಹೊರಟವನು ಊರು ಅರ್ಧ ಮೈಲಿ ಇರುವಾಗ, ಕೇರಿಯ ಹತ್ತಿರದ ಹಳ್ಳದ ದಂಡೆಯಲ್ಲಿ ಕುಸಿದು ಬಿದ್ದಿದ್ದ. ಅವನನ್ನು ಮೊದಲು ಕಂಡವಳು ಬಾಲಮ್ಮ. ಉರಿಬಿಸಿಲಲ್ಲಿ ಬರಿಗಾಲಲ್ಲಿ ಓಡಿ ಗೌಡರ ಮನೆಗೆ ಸುದ್ದಿ ಮುಟ್ಟಿಸಿದ್ದಳು. ಆಳುಗಳು ಬಂಡಿ ಕಟ್ಟಿಕೊಂಡು ಹೋಗುವಷ್ಟರಲ್ಲಿ ಅವನು ಸತ್ತಿದ್ದ. ವಯಸ್ಸು ಇಪ್ಪತ್ತೆರಡು. ಆ ಮುದುಕಿ ಎಷ್ಟು ಓಡಿದಳು ಎಂದು ಊರೆಲ್ಲ ಮೆಚ್ಚಿತು. ಹದಿನೈದು ದಿನದ ನಂತರ ಅಯ್ಯಪ್ಪನ ತಾಯಿ ಸೂಗಮ್ಮ ಗೌಡತಿ ಆಳಿನ ಕೈಯಲ್ಲಿ ಬಾಲಮ್ಮನಿಗೊಂದು ಇಳಕಲ್ ಸೀರೆ ಕಳಿಸಿದ್ದಳು. ಬಾಲಮ್ಮ ಅದನ್ನು ಒಂದು ದಿನವೂ ಉಟ್ಟಿರಲಿಲ್ಲ. ಒಳ್ಳೆಯ ಸೀರೆ, ಜೋಪಾನ ಮಾಡಿಟ್ಟಿದ್ದಾಳೆ ಎಂದೇ ಮನೆಯವರು ತಿಳಿದಿದ್ದರು.

"ಅಂವಗ ಎಚ್ಚರ ಇತ್ತು," ಬಾಲಮ್ಮ ಗೋಡೆಗೇ ಹೇಳುವಂತೆ ಹೇಳಿದಳು. "ನನ್ನ ತಲಿ ಮ್ಯಾಲ ತುಂಬಿದ ಕೊಡ. ಆಗಿಂದಾಗ ಹಳ್ಳದಾನ ವರತಿಲೆ ತುಂಬಿಕೊಂಡ ಬಂದಿದ್ನಿ. ಬಾಲಮ್ಮ, ನೀರು ಅಂದ. ನಾ ಹಾಕಲಿಲ್ಲ. ತಡೀರಿ ಸಣ್ಣ ಗೌಡರ, ನಿಮ್ಮ ಮಂದೀನ್ನ ಕರೀತೀನಿ ಅಂತ ಕೊಡಾ ಇಳಿಸಿ ಓಡಿದ್ನಿ. ಕೊಡಾ ಅವನ ಕಣ್ಣ ಮುಂದ, ಹತ್ತ ಮಾರಿನ ಮ್ಯಾಲ ಇತ್ತು. ಅಲ್ಲಿ ಮಟ ತೆವಳಿಕೊಂಡು ಬಂದು ಸತ್ತಾನ. ಕೊಡಾ ಮುಟ್ಟಿದ್ದಿಲ್ಲ."

"ಯಾಕ ಹಾಕಲಿಲ್ಲ ಯವ್ವಾ?"

ಬಾಲಮ್ಮ ಇದಕ್ಕೂ ಉತ್ತರ ಕೊಟ್ಟಳು. ಅಯ್ಯಪ್ಪ ಐದು ವರ್ಷದವನಿದ್ದಾಗ ಒಂದು ದಿನ ಕಣದಲ್ಲಿ ಆಡುತ್ತ ನೀರಡಿಕೆ ಎಂದು ಅತ್ತಿದ್ದ. ಹತ್ತಿರ ಬೇರೆ ಯಾರೂ ಇಲ್ಲದ್ದರಿಂದ ಬಾಲಮ್ಮ ತನ್ನ ಸೋರೆಬುರುಡೆಯ ನೀರು ಕುಡಿಸಿದ್ದಳು. ಕೂಸು ಮನೆಗೆ ಹೋಗಿ ಸಂತೋಷದಿಂದ ತಾಯಿಗೆ ಹೇಳಿತು. ಸೂಗಮ್ಮ ಮಗನಿಗೆ ತಲೆಗೆ ನೀರು ಹೊಯ್ಸಿದಳು, ಗೋಮೂತ್ರ ಕುಡಿಸಿದಳು, ಕೊನೆಗೆ ಬಂಗಾರದ ಎಳೆಯೊಂದನ್ನು ಕೆಂಡದಲ್ಲಿ ಕಾಯಿಸಿ ಅವನ ನಾಲಿಗೆಗೆ ಮುಟ್ಟಿಸಿದಳು. ಮೈಲಿಗೆ ಸುಟ್ಟುಹೋಗಬೇಕೆಂದರೆ ಹಾಗೆ ಮಾಡಬೇಕೆಂದು ಯಾರೋ ಹಿರಿಯರು ಹೇಳಿದ್ದರಂತೆ. ಬಾಲಮ್ಮನನ್ನು ಅಂಗಳದಲ್ಲಿ ನಿಲ್ಲಿಸಿ ಅದನ್ನು ನೋಡಿಸಿದ್ದರು. ಹೊಡೆತಗಳೂ ಬಿದ್ದಿದ್ದವು, ಅವು ಅವಳಿಗೆ ನೆನಪಿರಲಿಲ್ಲ. ಕೂಸಿನ ಚೀರಾಟವೊಂದೇ ನೆನಪಿತ್ತು.

"ಹಳ್ಳದಾಗ ಅಂವ ನೀರು ಅಂದಾಗ ನನಗ ಆ ಚೀರಿದ್ದ ಕೇಳಿಸ್ತು. ನಾ ಕೊಟ್ರ ಮತ್ತ ನಾಲಿಗಿ ಸುಡ್ತಾರ ಅಂತ ಓಡಿದ್ನಿ. ಇಪ್ಪತ್ತೆರಡು ವರ್ಷದ ಗಂಡಸ ಮಗನ ನಾಲಿಗಿ ಯಾರು ಸುಡ್ತಾರ ದೇವಕಿ? ಆ ಹೊತ್ನ್ಯಾಗ ಅಷ್ಟು ತಿಳಿಲಿಲ್ಲ ನನಗ."

ದೇವಕಮ್ಮ ತನಗೆ ಗೊತ್ತಿದ್ದುದನ್ನೆಲ್ಲ ಹೇಳಿದಳು. ಅದು ಪಾಪವಲ್ಲ, ಹೆದರಿಕೆ. ಪಾಪವೇ ಆದರೂ ಕ್ಷಮೆ ಉಂಟು. ಏಸುವಿನ ರಕ್ತ ತೊಳೆಯದ ಕಲೆ ಇಲ್ಲ. ಹಳ್ಳಿ ಹಳ್ಳಿಯಲ್ಲಿ ಸಾವಿರ ಸಲ ಆಡಿದ ಮಾತುಗಳು ಸರಾಗವಾಗಿ ಬಂದವು. ಬಾಲಮ್ಮ ಎಲ್ಲವನ್ನೂ ಕೇಳಿಸಿಕೊಂಡಳು.

"ನನ್ನ ಪಾಪ ತೊಳದು ಹೋಗಬಹುದು. ಅವನ ನೀರಡಿಕಿ ಹೋಗ್ತದೇನು?"

ಹದಿನೆಂಟು ವರ್ಷದಲ್ಲಿ ಯಾರೂ ದೇವಕಮ್ಮನಿಗೆ ಈ ಪ್ರಶ್ನೆ ಕೇಳಿರಲಿಲ್ಲ.  ಬಾಲಮ್ಮನೇ ಮುಂದುವರಿದು ತನ್ನ ಷರತ್ತು ಹೇಳಿದಳು. "ಗೌಡ್ತಿಗೆ ನಾ ಸುಳ್ಳು ಹೇಳೀನಿ. ಎಚ್ಚರ ಇದ್ದಿಲ್ಲ ಅಂದೀನಿ. ಮೊದಲ ಆಕಿಗೆ ಖರೆ ಹೇಳಿ ಬಾ. ಆಕಿ ಏನಂತಾಳ ನೋಡಿ ಆಮ್ಯಾಲ ನಿನ್ನ ನೀರಿನ ಮಾತು."

ದೇವಕಮ್ಮ ಹೋದಳು. ಹೋಗಲು ಧೈರ್ಯ ಬೇಕಿತ್ತು, ಏಕೆಂದರೆ ಈ ಸುದ್ದಿ ಗೌಡರ ಮನೆಯ ಗಂಡಸರ ಕಿವಿಗೆ ಬಿದ್ದರೆ ಕೇರಿಯ ಗತಿ ಏನಾಗುತ್ತದೆಂದು ಹೇಳುವುದಕ್ಕಾಗುತ್ತಿರಲಿಲ್ಲ. ಗೌಡರು ತೀರಿಕೊಂಡಿದ್ದರು, ಸೂಗಮ್ಮನ ಮೈದುನರು ಯಾದಗಿರಿಗೆ ಹೋಗಿದ್ದ ಹೊತ್ತು ನೋಡಿ ಹಿತ್ತಲ ಬಾಗಿಲಿಗೆ ಬಂದಳು. ಬಿಳಿ ಸೀರೆ, ಓದು, ಬಂಗಲೆಯ ನೌಕರಿ ಏನೇ ಇರಲಿ, ಆಕೆಯ ಕಾಲುಗಳಿಗೆ ಎಲ್ಲಿ ನಿಲ್ಲಬೇಕೆಂಬುದು ಗೊತ್ತಿತ್ತು. ಹೊಸ್ತಿಲಿನಿಂದ ಆರು ಮಾರು ದೂರದಲ್ಲಿ, ಹುಣಸೆಮರದ ಬುಡದಲ್ಲಿ ನಿಂತವು. ಆಕೆಗೆ ತನ್ನ ಕಾಲುಗಳ ಮೇಲೆ ಬಹಳ ಸಿಟ್ಟು ಬಂತು.

ಸೂಗಮ್ಮ ಹೊಸ್ತಿಲಲ್ಲಿ ನಿಂತೇ ಕೇಳಿದಳು. ಅರವತ್ತು ಮುಟ್ಟದ ಹೆಂಗಸು, ಎಂಬತ್ತರವಳ ಹಾಗೆ ಕಾಣುತ್ತಿದ್ದಳು. ಮಾತು ಮುಗಿದ ಮೇಲೆ ಅವಳು ಕೇಳಿದ್ದು ಒಂದೇ: "ಅವನಿಗೆ ಮಾತಿತ್ತಾ?"

"ಇತ್ರಿ."

"ನನ್ನ ಹೆಸರು ಅಂದ್ನಾ?"

"ಅದು ನನಗ ಗೊತ್ತಿಲ್ರಿ ಅವ್ವಾರ. ನೀರು ಅಂದನಂತ."

ಸೂಗಮ್ಮ ಒಳಗೆ ಹೋಗಿ ಕದ ಹಾಕಿಕೊಂಡಳು. ದೇವಕಮ್ಮ ಸ್ವಲ್ಪ ಹೊತ್ತು ಕಾದು ಮರಳಿ ಬಂದಳು. ಗೌಡತಿ ಬಾಗಿಲು ಹಾಕಿಕೊಂಡಳೆಂದು ಕೇಳಿ ಬಾಲಮ್ಮ, "ಹಾಕ್ಲಿ. ಹಾಕಬೇಕಾದ್ದ," ಎಂದಳು. ಅಂದೂ ಅವಳು ಗಂಜಿ ಕುಡಿಯಲಿಲ್ಲ. ಮಹಾದೇವಪ್ಪ ಹೆದರಿ, ಹೆಂಡತಿ ಮಕ್ಕಳನ್ನು ಮಾವನ ಊರಿಗೆ ಕಳಿಸಿಬಿಟ್ಟ.

ಮರುದಿನ ಹೊತ್ತು ಮಾರುದ್ದ ಏರಿದಾಗ ಸೂಗಮ್ಮ ಕೇರಿಗೆ ಬಂದಳು. ಒಬ್ಬಳೇ ಬಂದಳು. ಗೌಡರ ಮನೆಯ ಹೆಂಗಸು ಕೇರಿಯೊಳಗೆ ಕಾಲಿಟ್ಟಿದ್ದನ್ನು ಹಿಂದೆ ಯಾರೂ ನೋಡಿರಲಿಲ್ಲ, ಆದ್ದರಿಂದ ಏನು ಮಾಡಬೇಕೆಂದೂ ಯಾರಿಗೂ ತಿಳಿಯಲಿಲ್ಲ. ಕೆಲವರು ಎದ್ದು ನಿಂತರು, ಕೆಲವರು ಬಾಗಿಲು ಮುಚ್ಚಿಕೊಂಡರು. ಬಾಲಮ್ಮನ ಗುಡಿಸಲಿನ ಬಾಗಿಲು ಗಿಡ್ಡ. ಸೂಗಮ್ಮ ತಲೆ ಬಗ್ಗಿಸಿ ಒಳಗೆ ಬಂದು ನಿಂತಳು.

"ಬಾಲಿ," ಎಂದಳು, "ನೀ ಕೊಟ್ಟಿದ್ರೂ ಅಂವ ಕುಡೀತಿದ್ದಿಲ್ಲ. ಗೌಡರ ಮಗ. ನಾ ಅವನ್ನ ಹಂಗ ಬೆಳೆಸಿದ್ನಿ. ಸಾಯ್ತಿದ್ದ, ಕುಡೀತಿದ್ದಿಲ್ಲ. ನೀ ಮನಸಿಗೆ ಹಚ್ಚಿಕೋಬ್ಯಾಡ."

ದೇವಕಮ್ಮನ ಜೀವ ತಣ್ಣಗಾಯಿತು. ಇಷ್ಟು ಸಾಕಿತ್ತು. ಗೌಡತಿಯೇ ಬಂದು ಬಿಡುಗಡೆ ಹೇಳಿದ್ದಾಳೆ, ಇನ್ನು ಅವ್ವ ಹೂಂ ಎಂದುಬಿಟ್ಟರೆ ಮುಗಿಯಿತು. ಬೇರೆ ಯಾರಾದರೂ ಆಗಿದ್ದರೆ ಹೂಂ ಎನ್ನುತ್ತಿದ್ದರು. ಈ ಮುದುಕಿಗೆ ಸಾಯುವಾಗಲೂ ಅನುಕೂಲದ ಸುಳ್ಳು ರುಚಿಸಲಿಲ್ಲ.

"ಕುಡೀತಿದ್ದ ಅವ್ವಾರ," ಎಂದಳು. "ಬೊಗಸಿ ಒಡ್ಡಿದ್ದ. ನಮ್ಮ ಮಂದಿ ಒಡ್ಡತಾರಲ್ಲ, ಹಂಗ."

ಸೂಗಮ್ಮ ಇದ್ದಲ್ಲೇ ನೆಲಕ್ಕೆ ಕೂತಳು. ಕೌದಿ ಹಾಸಲು ದೇವಕಮ್ಮ ಎದ್ದರೆ ಬೇಡವೆಂದು ಕೈ ಮಾಡಿದಳು. ಬಹಳ ಹೊತ್ತು ಅತ್ತಳು, ಆದರೆ ಸದ್ದಿಲ್ಲದೆ. ಹೊರಗೆ ಯಾರದೋ ಕೋಳಿ ಮೊಟ್ಟೆಯಿಟ್ಟು ಕೂಗುತ್ತಿತ್ತು. ಆಮೇಲೆ ಮುಖ ಒರೆಸಿಕೊಂಡು ಮಾತಾಡಿದಾಗ ಅವಳ ದನಿ ಮನೆಗೆಲಸ ಹಂಚುವ ಗೌಡತಿಯ ದನಿಯೇ ಆಗಿತ್ತು.

"ಬಂಗಾರ ಕಾಸಿದಾಕಿ ನಾನು. ನಿನ್ನ ಕೈ ಅವತ್ತ ಕಟ್ಟಿ ಹಾಕಿದ್ನಿ. ನಿನ್ನ ಮಗಳು ಅದೇನೋ ಬೆಂಕಿ ಐತಿ ಅಂತ ಊರೂರು ಹೇಳಿಕೋಂತ ತಿರಗತಾಳಂತ. ಅದು ಇದ್ದದ್ದ ಖರೆ ಆದ್ರ ಅದರಾಗ ಮೊದಲ ಕಾಲಿಡಾಕಿ ನಾನು. ನೀ ನನ್ನ ಹಿಂದ ನಿಂದ್ರಬೇಕು ಬಾಲಮ್ಮ."

"ಹಿಂದ ನಿಂದ್ರಾಕ ನನಗ ರೂಢಿ ಐತ್ರಿ ಅವ್ವಾರ," ಎಂದಳು ಬಾಲಮ್ಮ.

ಇಬ್ಬರೂ ಮುದುಕಿಯರು ಒಬ್ಬರನ್ನೊಬ್ಬರು ನೋಡಿದರು. ನಕ್ಕರು ಎಂದು ಹೇಳಿದರೆ ತಪ್ಪಾದೀತು, ಆದರೆ ನಗುವಿಗೆ ಬಹಳ ದೂರವೂ ಇರಲಿಲ್ಲ. ಸೂಗಮ್ಮ ಏಳುವ ಮುಂಚೆ, ಮಗಳು ಅಷ್ಟು ಹೇಳುತ್ತಿದ್ದಾಳೆ, ಆ ಪಾದ್ರಿಯ ನೀರು ತಗೋಬಾರದೇಕೆ ಎಂದಳು. ಬಾಲಮ್ಮ, "ಆತು. ಬರಲಿ ಪಾದ್ರಿ," ಎಂದಳು. ಹದಿನೆಂಟು ವರ್ಷ ಮಗಳು ಹೇಳಿದರೂ ಬಾರದ ಒಪ್ಪಿಗೆ ಗೌಡತಿಯ ಒಂದು ಮಾತಿಗೆ ಬಂದುಬಿಟ್ಟಿತು. ದೇವಕಮ್ಮನಿಗೆ ಇದರಿಂದ ಸ್ವಲ್ಪ ನೋವೂ ಆಯಿತು, ಆಗಲಿಲ್ಲ ಎನ್ನುವುದು ಸುಳ್ಳು. ಆದರೆ ಸಂತೋಷ ದೊಡ್ಡದಿತ್ತು.

ಮಹಾದೇವಪ್ಪ ಆಗಲೇ ಯಾದಗಿರಿಗೆ ಓಡಿದ. ಪಾದ್ರಿ ಮರಿಲಿಂಗಪ್ಪನವರು ಸುರಪುರಕ್ಕೆ ಹೋಗಿದ್ದರು, ಮರುದಿನ ಮುಂಜಾನೆಯ ಬಸ್ಸಿಗೆ ಬರುವವರಿದ್ದರು. ಬಸ್ಸಿಳಿದ ಕೂಡಲೇ ಅವರನ್ನು ಜಟಕಾದಲ್ಲಿ ಕೂರಿಸಿ ತರುವ ಜವಾಬ್ದಾರಿಯನ್ನು ಮೈನುದ್ದೀನ ವಹಿಸಿಕೊಂಡ. "ಬಾಯಿಗೆ ಹೇಳು, ಕುದುರಿ ಬಿದ್ರ ನಾನೇ ಹೆಗಲ ಮ್ಯಾಲ ಹೊತ್ತು ತರ್ತೀನಿ ಅಂತ," ಎಂದು ಹೇಳಿ ಕಳಿಸಿದ.

ಮರುದಿನ, ಶುಕ್ರವಾರ ಬೆಳಿಗ್ಗೆ, ಬಾಲಮ್ಮನ ಉಸಿರು ಕೆಟ್ಟಿತು. ಎದೆ ಮೇಲೆದ್ದು ಇಳಿಯುವುದಕ್ಕೆ ಬಹಳ ಹೊತ್ತು ಹಿಡಿಯುತ್ತಿತ್ತು. ಮಹಾದೇವಪ್ಪ ದಾರಿ ನೋಡಲು ಹೋಗಿದ್ದ, ಗುಡಿಸಲಲ್ಲಿ ತಾಯಿ ಮಗಳು ಇಬ್ಬರೇ. ಜಟಕಾದ ಸದ್ದಿಲ್ಲ. ದೇವಕಮ್ಮನಿಗೆ ಇಂಥ ಹೊತ್ತಿನ ನಿಯಮ ಗೊತ್ತಿತ್ತು, ಪಾದ್ರಿಯವರೇ ಹೇಳಿಕೊಟ್ಟಿದ್ದರು. ಜೀವ ಹೋಗುವ ಸಮಯದಲ್ಲಿ ಪಾದ್ರಿ ಸಿಗದಿದ್ದರೆ ವಿಶ್ವಾಸಿಗಳು ಯಾರೇ ಆಗಲಿ ತಲೆಗೆ ನೀರು ಹಾಕಿ, ತಂದೆ, ಮಗ, ಪವಿತ್ರಾತ್ಮ ಎಂಬ ಮೂರು ಹೆಸರು ಹೇಳಿದರೆ ಸಾಕು. ಅಷ್ಟಾದರೆ ಅವ್ವ ಉಳಿದಳು. ದೇವಕಮ್ಮ ಚರಿಗೆಯಲ್ಲಿ ನೀರು ತುಂಬಿಕೊಂಡು ಬಂದು ತಲೆಯ ಹತ್ತಿರ ಮಂಡಿಯೂರಿದಳು.  ಬಾಲಮ್ಮನ ಹಣೆಯ ಮೇಲಿನ ಕೂದಲು ಸರಿಸಿದಳು.

ಬಾಲಮ್ಮ ಕಣ್ಣು ತೆರೆದು ಚರಿಗೆಯನ್ನು ನೋಡಿದಳು. "ದೇವಕೀ, ನೀರು," ಎಂದಳು.

ತಲೆಗೆ ಹಾಕುವುದು, ಕುಡಿಸುವುದು ಎರಡಕ್ಕೂ ಹೊತ್ತಿಲ್ಲವೆಂಬುದು ದೇವಕಮ್ಮನಿಗೆ ಕಾಣುತ್ತಿತ್ತು. ಅವಳಿಗೆ ಆ ಗಳಿಗೆಯಲ್ಲಿ ಬೆಂಕಿ ನೆನಪಾಯಿತು, ಖಂಡಿತ ನೆನಪಾಯಿತು, ಹದಿನೆಂಟು ವರ್ಷ ಹೇಳಿದ್ದು ಸುಮ್ಮನೆ ಹೋಗುತ್ತದೆಯೇ? ಬಾಯಿಗೆ ಬಂದಿದ್ದ ಮೊದಲನೆಯ ಹೆಸರು ಅಲ್ಲೇ ನಿಂತಿತು. ಆಕೆ ಎಡಗೈಯಿಂದ ತಾಯಿಯ ತಲೆಯೆತ್ತಿ ತೊಡೆಯ ಮೇಲೆ ಇಟ್ಟುಕೊಂಡು, ಚರಿಗೆಯನ್ನು ತುಟಿಗೆ ಹಚ್ಚಿದಳು. ಬಾಲಮ್ಮ ಒಂದು ಗುಟುಕು ನುಂಗಿದಳು. ಎರಡನೆಯದನ್ನೂ ನುಂಗಿದಳು. ಮೂರನೆಯದು ಕಟಬಾಯಿಂದ ಹೊರಗೆ ಹರಿಯಿತು.

ಮೈನುದ್ದೀನನ ಜಟಕಾ ಬಂದಾಗ ಹೆಣವನ್ನು ಹೊರಗೆ ತಂದು ಕೂರಿಸಿದ್ದರು. ಮರಿಲಿಂಗಪ್ಪನವರು ಧೂಳು ಮುಖದಲ್ಲೇ ಇಳಿದು ಬಂದು, ದೇವಕಮ್ಮನ ಭುಜ ಮುಟ್ಟಿ, ಮೆಲ್ಲಗೆ ಪಕ್ಕಕ್ಕೆ ಕರೆದರು. ಅವರು ಕೇಳಲೇಬೇಕಿತ್ತು. ದೀಕ್ಷಾಸ್ನಾನ ಆಗಿದ್ದರೆ ಯಾದಗಿರಿಯ ಕ್ರೈಸ್ತರ ಸ್ಮಶಾನ, ಇಲ್ಲದಿದ್ದರೆ ಕೇರಿಯ ಹಿಂದಿನ ಬಯಲು.

"ಕಡೀ ಹೊತ್ನ್ಯಾಗ ನೀರು ಹಾಕಿದೇನು ದೇವಕಮ್ಮ?"

ಹೂಂ ಎಂದಿದ್ದರೆ ಯಾರೂ ವಿಚಾರಿಸುತ್ತಿರಲಿಲ್ಲ. ಆ ಹೂಂ ಒಂದು ರೀತಿಯಲ್ಲಿ ಸುಳ್ಳೂ ಆಗುತ್ತಿರಲಿಲ್ಲ. ಆದರೆ ದೇವಕಮ್ಮ ಬಾಲಮ್ಮನ ಮಗಳು.

"ತಲಿಗೆ ಹಾಕಲಿಲ್ರಿ ಅಯ್ಯನೋರ. ಕುಡ್ಯಾಕ ಕೇಳಿದ್ಲು, ಕುಡಿಸಿದ್ನಿ."

ಮರಿಲಿಂಗಪ್ಪನವರು ಟೋಪಿ ತೆಗೆದು ಕೈಯಲ್ಲಿ ಹಿಡಿದುಕೊಂಡು ನಿಂತರು. ದೇವರು ಕರುಣಾಳು ಎಂದು ಏನೋ ಹೇಳಲು ಹೊರಟರು. ದೇವಕಮ್ಮ ಅವರ ಮಾತು ಮುಗಿಯುವವರೆಗೆ ಕಾಯಲಿಲ್ಲ. ಹದಿನೆಂಟು ವರ್ಷದಲ್ಲಿ ಆಕೆ ಪಾದ್ರಿಯವರ ಮಾತಿನ ನಡುವೆ ಬಾಯಿ ಹಾಕಿದ್ದು ಅದೇ ಮೊದಲು.

"ಯವ್ವ ಆ ಬೆಂಕಿಗೆ ಹೋಗಿದ್ರ ನನ್ನೂ ಅಲ್ಲೇ ಕಳಸು ಅಂತ ಸ್ವಾಮಿಗೆ ಪ್ರಾರ್ಥನಿ ಮಾಡ್ರಿ. ಅಲ್ಲಿ ನೀರು ಕೇಳೋರು ಭಾಳ ಮಂದಿ ಇರ್ತಾರ. ಹೊತ್ತು ತಂದು ಹಾಕಾಕ ಒಬ್ಬಾಕಿ ಬೇಕಲ್ಲ."